"ಹಾಡು ಕೇಳಲಿ ಬಿಡಿ, ತೊಂದರೆಯಿಲ್ಲ" ಎಂದ ವೈದ್ಯರನ್ನು ಮುಂದೆ ಏನು ಕೇಳಬೇಕು?

ಪ್ರಶ್ನೆ: ನನ್ನ ತಾಯಿಗೆ 61 ವರ್ಷ. ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಆಗಿದೆ, ಈಗ ಕಿಮೋ ನಡೆಯುತ್ತಿದೆ. ಎರಡು ಸುತ್ತು ಮುಗಿದಿವೆ. ಆಸ್ಪತ್ರೆಗೆ ಹೊರಡುವ ಹಿಂದಿನ ರಾತ್ರಿಯಿಂದಲೇ ಅವರಿಗೆ ನಡುಕ ಶುರುವಾಗುತ್ತದೆ, ನಿದ್ರೆ ಬರುವುದಿಲ್ಲ. ಸಂಗೀತ ಚಿಕಿತ್ಸೆಯಿಂದ ಪ್ರಯೋಜನವಿದೆಯೇ ಎಂದು ವೈದ್ಯರನ್ನು ಕೇಳಿದೆ. ಅವರು ಕಂಪ್ಯೂಟರಿನಿಂದ ಕಣ್ಣು ಕೀಳದೆ "ಹಾಡು ಕೇಳಲಿ ಬಿಡಿ, ತೊಂದರೆಯಿಲ್ಲ" ಎಂದರು. ವೈದ್ಯರಿಗೆ ಇದರಲ್ಲಿ ನಂಬಿಕೆಯೇ ಇಲ್ಲವೇ? ಇನ್ನೊಂದು ಕಡೆ, ಪರಿಚಿತರು ಹೇಳಿದ ರಾಗ ಚಿಕಿತ್ಸಕರೊಬ್ಬರು 40 ದಿನದ ಕೋರ್ಸ್ ಮಾಡಿಸಿ, ಅಲ್ಲಿಯವರೆಗೆ ಕಿಮೋ ಮುಂದೂಡಿ ಎನ್ನುತ್ತಿದ್ದಾರೆ. ವಿಚಿತ್ರವೆಂದರೆ, ವರ್ಷಗಟ್ಟಲೆ ಭಜನಾ ಮಂಡಳಿಯಲ್ಲಿ ಹಾಡಿದ ಅಮ್ಮ ಈಗ ನಾನು ಮೊಬೈಲಿನಲ್ಲಿ ಹಾಡು ಹಾಕಿದರೆ "ನಿಲ್ಲಿಸು" ಎನ್ನುತ್ತಾರೆ. ಏನು ಮಾಡಲಿ?
— ಹೆಸರು ಬೇಡ, ಶಿವಮೊಗ್ಗ

ಉತ್ತರ: ನೀವು ಕೇಳಿರುವ ಮೂರರಲ್ಲಿ ಒಂದಕ್ಕೆ ಕಾಯುವ ಪುರುಸೊತ್ತಿಲ್ಲ, ಅದನ್ನು ಮೊದಲು ಮುಗಿಸುತ್ತೇನೆ. ಕಿಮೋ ಮುಂದೂಡಬೇಡಿ. ರಕ್ತಕಣಗಳ ಸಂಖ್ಯೆ ಇಳಿದಿದೆ, ಜ್ವರವಿದೆ ಎಂದು ವೈದ್ಯರೇ ಮುಂದೂಡಿದರೆ ಅದು ಬೇರೆ. ಎರಡು ಸುತ್ತುಗಳ ನಡುವಿನ ಅಂತರವನ್ನು ಯಾರೂ ಬಾಯಿಗೆ ಬಂದಂತೆ ಇಟ್ಟಿರುವುದಿಲ್ಲ. ಮೂಳೆಮಜ್ಜೆ ಚೇತರಿಸಿಕೊಳ್ಳಲು ಎಷ್ಟು ದಿನ ಬೇಕು, ದೇಹದಲ್ಲಿ ಎಲ್ಲೋ ಉಳಿದಿರಬಹುದಾದ ಕ್ಯಾನ್ಸರ್ ಕಣಗಳಿಗೆ ಎಷ್ಟು ಬಿಡುವು ಕೊಡಬಾರದು ಎಂಬ ಎರಡು ಲೆಕ್ಕಗಳನ್ನು ಸೇರಿಸಿ ಆ ದಿನಾಂಕ ಬರೆದಿರುತ್ತಾರೆ. ಸಂಗೀತದಿಂದ ಗೆಡ್ಡೆ ಕರಗುತ್ತದೆ, ಕಾಯಿಲೆ ಮರುಕಳಿಸುವುದು ತಪ್ಪುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಯಾವ ರಾಗಕ್ಕೂ ಇಲ್ಲ, ಎಷ್ಟು ದಿನದ ಕೋರ್ಸ್‌ಗೂ ಇಲ್ಲ. ಕಿಮೋ ನಿಲ್ಲಿಸಿ ಎಂದ ಕ್ಷಣದಲ್ಲೇ ಆ ವ್ಯಕ್ತಿ ಸಂಗೀತ ಚಿಕಿತ್ಸಕರ ಸಾಲಿನಿಂದ ಹೊರಬಿದ್ದರು. ಸರಿಯಾಗಿ ತರಬೇತಾದ ಯಾವ ಸಂಗೀತ ಚಿಕಿತ್ಸಕರೂ ಆ ಮಾತು ಆಡುವುದಿಲ್ಲ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯರ ಒಂದು ಅಧ್ಯಯನವನ್ನು ಇಲ್ಲಿ ಹೇಳಲೇಬೇಕು. ಗುಣಪಡಿಸಬಹುದಾದ ಹಂತದಲ್ಲಿ ಕ್ಯಾನ್ಸರ್ ಪತ್ತೆಯಾಗಿದ್ದರೂ ಶಸ್ತ್ರಚಿಕಿತ್ಸೆ, ಕಿಮೋ, ವಿಕಿರಣ ಯಾವುದನ್ನೂ ತೆಗೆದುಕೊಳ್ಳದೆ ಪರ್ಯಾಯ ಚಿಕಿತ್ಸೆಯನ್ನಷ್ಟೇ ನೆಚ್ಚಿದವರನ್ನು ಅವರು ಉಳಿದ ರೋಗಿಗಳೊಂದಿಗೆ ಹೋಲಿಸಿದರು. ಪರ್ಯಾಯ ಹಾದಿ ಹಿಡಿದವರಲ್ಲಿ ಸಾವಿನ ಅಪಾಯ ಒಟ್ಟಾರೆ ಎರಡೂವರೆ ಪಟ್ಟು ಇತ್ತು. ಸ್ತನ ಕ್ಯಾನ್ಸರ್ ಒಂದನ್ನೇ ತೆಗೆದುಕೊಂಡರೆ ಐದೂವರೆ ಪಟ್ಟಿಗಿಂತಲೂ ಹೆಚ್ಚು. 2018ರಲ್ಲಿ ಅಚ್ಚಾದ ಈ ಅಂಕಿಗಳನ್ನು ಓದದ ಕ್ಯಾನ್ಸರ್ ವೈದ್ಯರು ಇರಬಹುದು. ಆದರೆ ತಿಂಗಳುಗಟ್ಟಲೆ ಎಲ್ಲೆಲ್ಲೋ ಅಲೆದು, ಗೆಡ್ಡೆ ಒಡೆದು ಹುಣ್ಣಾದ ಮೇಲೆ ಬರುವ ರೋಗಿಯನ್ನು ನೋಡದ ಕ್ಯಾನ್ಸರ್ ವೈದ್ಯರು ನಮ್ಮ ರಾಜ್ಯದಲ್ಲಿ ಇರಲಾರರು.

ನಿಮ್ಮ ವೈದ್ಯರ ಮಾತಿನ ಅರ್ಥವನ್ನು ಇಲ್ಲಿಂದಲೇ ಹುಡುಕಬೇಕು. "ಸಂಗೀತ ಚಿಕಿತ್ಸೆ" ಎಂದು ನೀವು ಹೇಳಿದಾಗ ನಿಮ್ಮ ಮನಸ್ಸಿನಲ್ಲಿದ್ದುದು ಅಮ್ಮನ ನಡುಕ. ವೈದ್ಯರ ಕಿವಿಗೆ ಬಿದ್ದದ್ದು ಬಹುಶಃ ಆ 40 ದಿನದ ಕೋರ್ಸ್. ಶಿಷ್ಯನ ಹೊಟ್ಟೆನೋವನ್ನು ಕೃತಿ ರಚಿಸಿ ವಾಸಿಮಾಡಿದ ವಾಗ್ಗೇಯಕಾರರ ಕಥೆ ಕೇಳಿಕೊಂಡೇ ಬೆಳೆದವರು ನಾವೆಲ್ಲ. ಈ ರಾಗ ರಕ್ತದೊತ್ತಡಕ್ಕೆ, ಆ ರಾಗ ಸಕ್ಕರೆ ಕಾಯಿಲೆಗೆ ಎಂಬ ಪಟ್ಟಿಗಳು ವಾಟ್ಸ್ಆ್ಯಪ್‌ನಲ್ಲಿ ದಿನವೂ ಓಡಾಡುತ್ತವೆ. ಆದ್ದರಿಂದ ವೈದ್ಯರು ಒಂದು ಜಾಣ ಉತ್ತರವನ್ನು ರೂಢಿಸಿಕೊಂಡಿದ್ದಾರೆ: ಬೇಡ ಎನ್ನುವುದಿಲ್ಲ, ಬೇಕು ಎಂದೂ ಹೇಳುವುದಿಲ್ಲ. ಬೇಡ ಎಂದರೆ ಮನೆಯವರು ಮುನಿಸಿಕೊಂಡು ಗುಟ್ಟಾಗಿ ಮಾಡುತ್ತಾರೆ, ಬೇಕು ಎಂದರೆ ನಾಳೆ "ಡಾಕ್ಟರೇ ಬರೆದುಕೊಟ್ಟಿದ್ದಾರೆ" ಎಂದು ಯಾರೋ ಫಲಕ ತೂಗುಹಾಕುತ್ತಾರೆ. ಹಾಗಾಗಿ "ತೊಂದರೆಯಿಲ್ಲ". ಇದು ಅಪನಂಬಿಕೆಯಲ್ಲ. ಹಾಗೆಂದು ಶಿಫಾರಸು ಎಂದೂ ತಿಳಿಯಬೇಡಿ, ಇದು ಬರೀ ಅನುಮತಿ.

ನನ್ನ ವೃತ್ತಿಬಾಂಧವರ ಪರವಾಗಿ ಇಷ್ಟು ಹೇಳಿದ ಮೇಲೆ, ಅವರ ವಿರುದ್ಧವೂ ಸ್ವಲ್ಪ ಹೇಳಬೇಕು. ಸಂಗೀತ ಚಿಕಿತ್ಸೆ ಎಂದರೆ ಮುಗುಳ್ನಗುವ ಎಷ್ಟೋ ಶಸ್ತ್ರಚಿಕಿತ್ಸಕರ ಆಪರೇಷನ್ ಥಿಯೇಟರಿನಲ್ಲಿ ಸ್ಪೀಕರ್ ಇರುತ್ತದೆ. ಅವರಿಗೆ ಬೇಕಾದ ಹಾಡು ಅದರಲ್ಲಿ ಬರುತ್ತಿರುತ್ತದೆ. 1994ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 50 ಶಸ್ತ್ರಚಿಕಿತ್ಸಕರ ಮೇಲೆ ನಡೆಸಿದ ಒಂದು ಪ್ರಯೋಗ ಪ್ರಕಟವಾಯಿತು. ಅವರಿಗೆ ಕಷ್ಟದ ಕಳೆಯುವ ಲೆಕ್ಕಗಳನ್ನು ಕೊಟ್ಟು ನಾಡಿ, ರಕ್ತದೊತ್ತಡ ಅಳೆದರು. ತಾವೇ ಆರಿಸಿಕೊಂಡ ಸಂಗೀತ ಕೇಳುತ್ತಿದ್ದಾಗ ಉದ್ವೇಗ ಕಡಿಮೆ ಇತ್ತು, ಲೆಕ್ಕವೂ ಬೇಗ ಮತ್ತು ಸರಿಯಾಗಿ ಬಂತು. ಸಂಶೋಧಕರೇ ಆರಿಸಿಕೊಟ್ಟ ಇಂಪಾದ ಸಂಗೀತಕ್ಕೆ ಅಷ್ಟು ಗುಣವಿರಲಿಲ್ಲ. ಈ ಫಲಿತಾಂಶವನ್ನು ಎರಡು ಕಾರಣಕ್ಕೆ ನೆನಪಿಡಿ. ತಮಗೆ ಕೆಲಸ ಮಾಡುವ ಸಂಗೀತ ಕತ್ತರಿಯ ಆ ಬದಿಯಲ್ಲಿ ಮಲಗಿದವರಿಗೂ ಮಾಡಬಹುದು ಎಂಬುದನ್ನು ವೈದ್ಯರು ಮರೆಯುತ್ತಾರೆ. ಮತ್ತು ಯಾರ ಆತಂಕವೋ ಅವರದೇ ಆಯ್ಕೆ ಇರಬೇಕು. ಮಗಳು ಆರಿಸಿದ್ದು, ನರ್ಸ್ ಆರಿಸಿದ್ದು, ಯೂಟ್ಯೂಬ್ ಆರಿಸಿದ್ದು ಅದಕ್ಕೆ ಸಮನಾಗದು.

ಇನ್ನು ಸಾಕ್ಷ್ಯದ ವಿಚಾರ. ಸಂದೇಹ ಪಡುವ ವೈದ್ಯರೂ ಒಪ್ಪುವ ವೈದ್ಯರೂ ತೋರಿಸುವುದು ಒಂದೇ ಕಡತವನ್ನು. ಚಿಕಿತ್ಸೆಗಳ ಬಗೆಗಿನ ಪ್ರಯೋಗಗಳನ್ನೆಲ್ಲ ಕಲೆಹಾಕಿ ತೂಗಿ ನೋಡುವ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಜಾಲವಿದೆ. ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಯೋಕೆ ಬ್ರಾಟ್ ಮತ್ತು ಸಂಗಡಿಗರು ಕ್ಯಾನ್ಸರ್ ಮತ್ತು ಸಂಗೀತದ ಬಗ್ಗೆ ಅದಕ್ಕಾಗಿ 2011ರಲ್ಲಿ ವರದಿ ಬರೆದಾಗ ಸಿಕ್ಕಿದ್ದು 30 ಪ್ರಯೋಗಗಳು. 2016ಕ್ಕೆ ಅವು 52 ಆದವು, 2021ಕ್ಕೆ 81. ಕೊನೆಯ ವರದಿಯಲ್ಲಿ ಒಟ್ಟು 5,576 ರೋಗಿಗಳಿದ್ದಾರೆ. ವಯಸ್ಕರಲ್ಲಿ ಆತಂಕದ ಮೇಲೆ ದೊಡ್ಡ ಪರಿಣಾಮ ಕಂಡಿದೆ. 20ರಿಂದ 80ರವರೆಗೆ ಅಂಕ ಕೊಡುವ ಪ್ರಶ್ನಾವಳಿಯಲ್ಲಿ ಸರಾಸರಿ 8ರಷ್ಟು ಅಂಕ ಇಳಿದಿದೆ. ನೋವು, ಖಿನ್ನತೆ, ಸುಸ್ತು ಇವುಗಳಲ್ಲೂ ಇಳಿಕೆಯಿದೆ, ಆದರೆ ಅಷ್ಟಿಲ್ಲ. ಮಕ್ಕಳ ಮೇಲಿನ ಪ್ರಯೋಗಗಳು ಏಳೇ ಏಳು.

ಅದೇ ವರದಿ ಪುಟ ಪುಟದಲ್ಲೂ ಒಂದು ಎಚ್ಚರಿಕೆ ಹೇಳುತ್ತದೆ: ಈ ಸಾಕ್ಷ್ಯದ ಖಚಿತತೆ ಕಡಿಮೆ, ಕೆಲವೆಡೆ ತೀರಾ ಕಡಿಮೆ. ಕಾರಣ ಸರಳ. ಮಾತ್ರೆಯ ಪ್ರಯೋಗದಲ್ಲಿ ತನಗೆ ಸಿಕ್ಕಿದ್ದು ಔಷಧಿಯೋ ಸಕ್ಕರೆ ಮಾತ್ರೆಯೋ ಎಂದು ರೋಗಿಗೆ ಗೊತ್ತಾಗದಂತೆ ಮುಚ್ಚಿಡಬಹುದು. ಹಾಡನ್ನು ಮುಚ್ಚಿಡುವುದು ಹೇಗೆ? ಕೇಳಿದವರಿಗೆ ಕೇಳಿದ್ದು ಗೊತ್ತೇ ಇರುತ್ತದೆ, ಪ್ರಶ್ನಾವಳಿ ತುಂಬುವವರೂ ಅವರೇ. ಜೊತೆಗೆ ಒಂದು ಕಡೆ ಅರ್ಧ ಗಂಟೆ ಧ್ವನಿಮುದ್ರಿಕೆ, ಇನ್ನೊಂದು ಕಡೆ ವಾರಗಟ್ಟಲೆ ಚಿಕಿತ್ಸಕರೊಂದಿಗೆ ಹಾಡುಕಟ್ಟುವುದು. ಇವನ್ನೆಲ್ಲ ಒಂದೇ ತಕ್ಕಡಿಗೆ ಹಾಕಿದರೆ ತೂಕ ಕೆಡುತ್ತದೆ. ಕೀಲುಮೂಳೆಯಿಂದ ಹಿಡಿದು ಕಿಮೋವರೆಗೆ ಪ್ರತಿಯೊಂದನ್ನೂ ಅಂಕಿ-ಅಂಶದ ಮೇಲೆ ಅಳೆಯಲು ಕಲಿತ ವೈದ್ಯರು ಇಲ್ಲಿ ತಡವರಿಸುವುದು ಸಹಜ.

ಆದರೂ ನನ್ನ ಅಭಿಪ್ರಾಯದಲ್ಲಿ ಅವರು ಇಲ್ಲಿ ತಪ್ಪು ಅಳತೆಗೋಲು ಹಿಡಿದಿದ್ದಾರೆ. ಹೃದಯಕ್ಕೆ ಪೆಟ್ಟು ಕೊಡಬಲ್ಲ, ಲಕ್ಷಗಟ್ಟಲೆ ಬೆಲೆಯ ಔಷಧಿಗೆ ಸಾಕ್ಷ್ಯ ದುರ್ಬಲವಾಗಿದ್ದರೆ ಕೊಡಬಾರದು, ಸರಿ. ಹೆಚ್ಚೆಂದರೆ ಬೇಸರ ತರಿಸಬಹುದಾದ ಹಾಡಿಗೂ ಅದೇ ಅಳತೆಯೇ? ಅಮೆರಿಕದ ಕ್ಯಾನ್ಸರ್ ವೈದ್ಯರ ಮುಖ್ಯ ಸಂಘಟನೆಯಾದ ಆಸ್ಕೊ ಈ ಗೊಂದಲವನ್ನು ಹಂತಹಂತವಾಗಿ ಬಿಡಿಸಿಕೊಂಡಿದೆ. ಸ್ತನ ಕ್ಯಾನ್ಸರ್ ರೋಗಿಗಳ ಆತಂಕ ತಗ್ಗಿಸಲು ಸಂಗೀತ ಚಿಕಿತ್ಸೆಯೂ ಒಂದು ದಾರಿ ಎಂದ ಸಮನ್ವಯ ಕ್ಯಾನ್ಸರ್ ಚಿಕಿತ್ಸಾ ಸಂಘದ ಮಾರ್ಗಸೂಚಿಗೆ 2018ರಲ್ಲಿ ಒಪ್ಪಿಗೆ ಕೊಟ್ಟಿತು. 2022ರಲ್ಲಿ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನೋವಿಗೂ, 2023ರಲ್ಲಿ ಚಿಕಿತ್ಸೆಯ ಸಮಯದ ಆತಂಕ ಮತ್ತು ಖಿನ್ನತೆಗೂ ಅದನ್ನು ಕೊಡಬಹುದು ಎಂದು ಎರಡೂ ಸಂಘಗಳು ಕೂಡಿ ಬರೆದವು. ಎಲ್ಲೂ ಗೆಡ್ಡೆಯ ಮಾತಿಲ್ಲ, ಲಕ್ಷಣಗಳ ಮಾತಷ್ಟೇ. ನಿಮ್ಮ ವೈದ್ಯರಿಗೆ ಇದು ಗೊತ್ತಿಲ್ಲದಿದ್ದರೆ ಅವರು ಸೋಮಾರಿ ಎಂದು ನಾನು ಹೇಳಲಾರೆ. ಹೊಸ ಕ್ಯಾನ್ಸರ್ ಔಷಧಿಗಳ ಬಗ್ಗೆ ಬರುವುದನ್ನು ಓದಿ ಮುಗಿಸುವುದೇ ಅವರಿಗೆ ಕಷ್ಟ. ಹೊರರೋಗಿ ವಿಭಾಗದಲ್ಲಿ ನಿಮ್ಮ ಹಿಂದೆ ಕುಳಿತಿದ್ದ ಸಾಲನ್ನೂ ನೀವು ನೋಡಿರುತ್ತೀರಿ.

ವೈದ್ಯರೆಲ್ಲ ಒಂದೇ ತರಹ ಅಲ್ಲ ಎನ್ನುವುದನ್ನೂ ಹೇಳಬೇಕು. ಉಪಶಾಮಕ ಆರೈಕೆಯವರು (ಪ್ಯಾಲಿಯೇಟಿವ್ ಕೇರ್), ಅಂದರೆ ರೋಗಿಯ ನೋವು, ಸಂಕಟ ತಗ್ಗಿಸುವುದನ್ನೇ ಕೆಲಸವಾಗಿಸಿಕೊಂಡವರು, ಈ ವಿಷಯದಲ್ಲಿ ಮೊದಲಿನಿಂದಲೂ ಮುಂದೆ. ಆ ಹೆಸರನ್ನೇ ಚಾಲ್ತಿಗೆ ತಂದ ಕೆನಡಾದ ಬಾಲ್ಫರ್ ಮೌಂಟ್ ಮೂಲತಃ ಮೂತ್ರಾಂಗಗಳ ಕ್ಯಾನ್ಸರ್ ಶಸ್ತ್ರಚಿಕಿತ್ಸಕರು. ಮಾಂಟ್ರಿಯಲ್‌ನ ರಾಯಲ್ ವಿಕ್ಟೋರಿಯಾ ಆಸ್ಪತ್ರೆಯ ತಮ್ಮ ವಾರ್ಡಿಗೆ ಅವರು ಸಂಗೀತ ಚಿಕಿತ್ಸಕಿ ಸೂಸನ್ ಮನ್ರೋ ಅವರನ್ನು ಸೇರಿಸಿಕೊಂಡರು. 1978ರಲ್ಲಿ ಇಬ್ಬರೂ ಸೇರಿ ಕೆನಡಾದ ವೈದ್ಯಕೀಯ ಪತ್ರಿಕೆಯಲ್ಲಿ ಲೇಖನ ಬರೆದರು. ಕತ್ತರಿ ಹಿಡಿದ ಕೈ ಆ ಲೇಖನಕ್ಕೆ ಸಹಿ ಹಾಕಿದ್ದರಿಂದ ಉಳಿದವರು ಓದಿದರು. ಅರಿವಳಿಕೆ ತಜ್ಞರು ಮತ್ತು ಶಸ್ತ್ರಚಿಕಿತ್ಸಕರು ಸ್ವಲ್ಪ ತಡವಾಗಿ ಬಂದರು. ಅವರನ್ನು ಒಲಿಸಿದ್ದು ಸಂಖ್ಯೆಗಳು: ಶಸ್ತ್ರಚಿಕಿತ್ಸೆಯ ಆಸುಪಾಸಿನಲ್ಲಿ ಸಂಗೀತ ಕೇಳಿಸಿದ 73 ಪ್ರಯೋಗಗಳನ್ನು ಒಟ್ಟುಗೂಡಿಸಿ 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ನೋವು, ಆತಂಕ, ನೋವುನಿವಾರಕದ ಬಳಕೆ ಮೂರೂ ಕಡಿಮೆಯಾಗಿದ್ದವು. ಆಸ್ಪತ್ರೆಯಲ್ಲಿ ಉಳಿಯುವ ದಿನಗಳು ಮಾತ್ರ ಕಡಿಮೆಯಾಗಿರಲಿಲ್ಲ.

ಅದೇ ವರ್ಷ ಬಂದ ಇನ್ನೊಂದು ಪ್ರಯೋಗ ನನಗೆ ಅಚ್ಚುಮೆಚ್ಚು, ಏಕೆಂದರೆ ಅದು ಸಂಗೀತದ ಬಲವನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸಿತು. ಅಮೆರಿಕದ ಕ್ಲೀವ್ಲೆಂಡ್‌ನಲ್ಲಿ ಸ್ತನದ ಶಸ್ತ್ರಚಿಕಿತ್ಸೆಗೆ ಬಂದಿದ್ದ 207 ಮಹಿಳೆಯರನ್ನು ಮೂರು ಗುಂಪು ಮಾಡಿದರು. ಥಿಯೇಟರಿಗೆ ಕರೆದೊಯ್ಯುವ ಮುಂಚೆ ಒಂದು ಗುಂಪಿನವರ ಪಕ್ಕದಲ್ಲೇ ಕುಳಿತು ಚಿಕಿತ್ಸಕರು ಅವರಿಷ್ಟದ ಹಾಡು ಹಾಡಿದರು, ಇನ್ನೊಂದು ಗುಂಪಿಗೆ ಅವರಿಷ್ಟದ ಹಾಡನ್ನೇ ಧ್ವನಿಮುದ್ರಿಕೆಯಲ್ಲಿ ಕೇಳಿಸಿದರು, ಮೂರನೆಯ ಗುಂಪಿಗೆ ಎಂದಿನ ಆರೈಕೆ ಮಾತ್ರ. ಹಾಡು ಕೇಳಿದ ಎರಡೂ ಗುಂಪುಗಳಲ್ಲಿ ಆತಂಕ 40 ಶೇಕಡಾಕ್ಕಿಂತ ಹೆಚ್ಚು ಇಳಿಯಿತು. ಎದುರಿನಲ್ಲಿ ಹಾಡಿದ್ದಕ್ಕೂ ಮುದ್ರಿಕೆಗೂ ಆ ಹೊತ್ತಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಆದರೆ ಮಂಪರಿಗೆ ಬೇಕಾದ ಪ್ರೊಪೊಫಾಲ್ ಔಷಧಿಯ ಪ್ರಮಾಣ ಯಾರಲ್ಲೂ ಕಡಿಮೆಯಾಗಲಿಲ್ಲ. ಹೆದರಿಕೆ ಇಳಿಯಿತು, ಅರಿವಳಿಕೆಯ ಲೆಕ್ಕ ಬದಲಾಗಲಿಲ್ಲ. ಇಂಥ ಫಲಿತಾಂಶವನ್ನು ಮುಂದಿಟ್ಟರೆ ಎಂಥ ಬಿಗುವಿನ ವೈದ್ಯರೂ ಕಿವಿಗೊಡುತ್ತಾರೆ. ಸಂಗೀತದವರೇ "ಇಷ್ಟು ಆಯಿತು, ಇಷ್ಟು ಆಗಲಿಲ್ಲ" ಎಂದು ಹೇಳುವುದನ್ನು ಅವರು ಅಷ್ಟಾಗಿ ಕೇಳಿರುವುದಿಲ್ಲ.

ಹಾಗಾದರೆ ಮೊಬೈಲ್ ಸಾಕಲ್ಲ, ಚಿಕಿತ್ಸಕರು ಏಕೆ ಎಂದು ನೀವು ಕೇಳಬಹುದು. ಎಷ್ಟೋ ವೈದ್ಯರ ತಿಳಿವಳಿಕೆ ನಿಂತಿರುವುದೂ ಇಲ್ಲಿಯೇ: ವಾರ್ಡಿನಲ್ಲಿ ಒಂದು ಸ್ಪೀಕರ್ ಹಾಕಿದರೆ ಸಂಗೀತ ಚಿಕಿತ್ಸೆ ಆಯಿತು ಎಂದುಕೊಳ್ಳುತ್ತಾರೆ. ಸೂಜಿ ಚುಚ್ಚುವ ಹೊತ್ತಿನ, ಸ್ಕ್ಯಾನ್‌ಗೆ ಕಾಯುವ ಹೊತ್ತಿನ ಹೆದರಿಕೆಗೆ ಮೊಬೈಲ್ ನಿಜವಾಗಿಯೂ ಸಾಕು. ದಿನಗಟ್ಟಲೆ ಕಾಡುವ ಸುಸ್ತು, ಬದುಕಿನ ಹುರುಪು ಕುಂದುವುದು ಇವುಗಳಿಗೆ ಸಾಲದು. ಕಾಕ್ರೇನ್ ವರದಿಯಲ್ಲಿ ಸುಸ್ತು ಮತ್ತು ಜೀವನದ ಗುಣಮಟ್ಟ ಸುಧಾರಿಸಿದ್ದು ತರಬೇತಾದ ಚಿಕಿತ್ಸಕರು ನಡೆಸಿದ ಪ್ರಯೋಗಗಳಲ್ಲಿ. ಮುದ್ರಿತ ಹಾಡು ಕೇಳಿಸಿದ ಪ್ರಯೋಗಗಳಲ್ಲಿ ಆ ಲಾಭ ಕಾಣಲಿಲ್ಲ. ಚಿಕಿತ್ಸಕರು ಮಾಡುವುದೇನೆಂದರೆ, ರೋಗಿಯ ಉಸಿರು ಎಷ್ಟು ವೇಗದಲ್ಲಿದೆಯೋ ಅದೇ ವೇಗದಲ್ಲಿ ಶುರುಮಾಡಿ, ನಿಧಾನವಾಗಿ ಲಯವನ್ನು ಇಳಿಸುತ್ತ ಉಸಿರನ್ನೂ ಜೊತೆಗೆ ಇಳಿಸುತ್ತಾರೆ. 1940ರ ದಶಕದಲ್ಲೇ ಅಮೆರಿಕದ ಮನೋವೈದ್ಯ ಐರಾ ಆಲ್ಟ್‌ಷುಲರ್ ಇದನ್ನು ವಿವರಿಸಿದ್ದರು. ಕೆಲವೊಮ್ಮೆ ರೋಗಿಯ ಮಾತುಗಳನ್ನೇ ಹೆಣೆದು ಹಾಡು ಕಟ್ಟುತ್ತಾರೆ. ಹಾಡಿನ ನಡುವೆ ರೋಗಿ ಅತ್ತುಬಿಟ್ಟರೆ ಮುಂದೇನು ಮಾಡಬೇಕೆಂದು ಅವರಿಗೆ ಗೊತ್ತು. ಮೊಬೈಲ್ ಮುಂದಿನ ಹಾಡಿಗೆ ಹೋಗುತ್ತದೆ, ಅಷ್ಟೇ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಕಾಂಡಕೋಶ ಕಸಿಗೆ ದಾಖಲಾದ 69 ರೋಗಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಚಿಕಿತ್ಸಕರು ಭೇಟಿ ಕೊಟ್ಟವರ ಒಟ್ಟು ಮನೋಕ್ಷೋಭೆಯ ಅಂಕ ಉಳಿದವರಿಗಿಂತ 37 ಶೇಕಡಾ ಕಡಿಮೆ ಇತ್ತು. ವಾರಗಟ್ಟಲೆ ಒಂಟಿ ಕೋಣೆಯಲ್ಲಿ ಇರಬೇಕಾದವರು ಅವರು ಎಂಬುದನ್ನು ಗಮನಿಸಿ.

ಈ ಬದಲಾವಣೆಯನ್ನು ವೈದ್ಯರಿಗಿಂತ ಮೊದಲು ಕಾಣುವವರು ನರ್ಸ್‌ಗಳು. ಡ್ರಿಪ್ ಬದಲಿಸಲು ಬರುವವರು, ರಾತ್ರಿ ಬೆಲ್ ಒತ್ತಿದರೆ ಓಡಿ ಬರುವವರು ಅವರೇ ತಾನೇ. ಮೆಲ್ಬರ್ನ್ ಮತ್ತು ನ್ಯೂಯಾರ್ಕಿನ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಕ್ಲೇರ್ ಓಕ್ಯಾಲಗನ್ ಮತ್ತು ಲೂಕಾನ್ ಮಗಿಲ್ ಎಂಬ ಸಂಗೀತ ಚಿಕಿತ್ಸಕಿಯರು ಸಿಬ್ಬಂದಿಯ ಅನುಭವವನ್ನೇ ಕೇಳಿ ತಿಳಿದು 2009ರಲ್ಲಿ ವರದಿ ಮಾಡಿದರು. ರೋಗಿಗಾಗಿ ನಡೆಯುತ್ತಿದ್ದ ಸಂಗೀತವನ್ನು ಪಕ್ಕದಲ್ಲಿ ನಿಂತು ಕೇಳಿದ ಸಿಬ್ಬಂದಿಯ ಮನಸ್ಸೂ ಹಗುರವಾಗಿತ್ತು, ಅದರಿಂದ ತಮ್ಮ ಆರೈಕೆಯೂ ಸುಧಾರಿಸಿತು ಎಂದು ಹಲವರು ಹೇಳಿದ್ದರು. ಆದ್ದರಿಂದ ನಿಮ್ಮ ಆಸ್ಪತ್ರೆಯಲ್ಲಿ ಮೊದಲು ಡೇ ಕೇರ್ ವಾರ್ಡಿನ ಹಿರಿಯ ಸಿಸ್ಟರ್ ಅವರ ಬಳಿ ಮಾತನಾಡಿ. ವೈದ್ಯರ ಮನಸ್ಸು ಬದಲಿಸುವ ಶಕ್ತಿ ನಿಮ್ಮ ಕಾಗದಗಳಿಗಿಂತ ಅವರ ಒಂದು ಮಾತಿಗೆ ಹೆಚ್ಚು.

ಆಮೇಲೆ ವೈದ್ಯರನ್ನು ಮತ್ತೆ ಕೇಳಿ. ಈ ಸಲ "ಸಂಗೀತ ಚಿಕಿತ್ಸೆ" ಎಂಬ ಪದವನ್ನು ಬಾಗಿಲ ಹೊರಗೇ ಬಿಟ್ಟು ಒಳಗೆ ಹೋಗಿ. ಲಕ್ಷಣದ ಹೆಸರು ಹೇಳಿ, ಹೊತ್ತು ಹೇಳಿ, ಅಂಕ ಹೇಳಿ. "ಕಿಮೋದ ಹಿಂದಿನ ರಾತ್ರಿ ಅಮ್ಮನ ಹೆದರಿಕೆ ಹತ್ತಕ್ಕೆ ಎಂಟು ಇರುತ್ತದೆ. ಸೂಜಿ ಹಾಕುವಾಗ ಒಂಬತ್ತು. ಎರಡು ಗಂಟೆಯೂ ನಿದ್ರೆಯಿಲ್ಲ. ಸೂಜಿ ಹಾಕುವ ಅರ್ಧ ಗಂಟೆ ಮೊದಲಿನಿಂದ ಅವರಿಗೆ ಇಷ್ಟವಾದದ್ದನ್ನು ಇಯರ್‌ಫೋನಿನಲ್ಲಿ ಕೇಳಿಸಬಹುದೇ? ಅದಕ್ಕೂ ಇಳಿಯದಿದ್ದರೆ ನೀವು ಏನು ಕೊಡುತ್ತೀರಿ? ಇಲ್ಲಿ ಮನಶ್ಶಾಸ್ತ್ರಜ್ಞರು ಅಥವಾ ಉಪಶಾಮಕ ಆರೈಕೆಯವರು ಇದ್ದಾರೆಯೇ?" ಹೀಗೆ ಕೇಳಿದರೆ ವೈದ್ಯರು ಕಂಪ್ಯೂಟರಿನಿಂದ ಕಣ್ಣು ತೆಗೆಯುತ್ತಾರೆ. ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಅವರ ಕೆಲಸವನ್ನೇ ಅವರಿಗೆ ಒಪ್ಪಿಸಿದ್ದೀರಿ. ಹಿಂದಿನ ರಾತ್ರಿಯ ನಡುಕ ಬರೀ "ಟೆನ್ಷನ್" ಅಲ್ಲ. ಮೊದಲ ಸುತ್ತುಗಳ ಕಹಿ ನೆನಪಿನಿಂದ ದೇಹ ಮುಂದಾಗಿಯೇ ಪ್ರತಿಕ್ರಿಯಿಸುವುದು ಕಿಮೋದಲ್ಲಿ ಚೆನ್ನಾಗಿ ಗುರುತಿಸಿರುವ ಸಮಸ್ಯೆ. ಅದಕ್ಕೆ ಮಾತ್ರೆಗಳೂ ಇವೆ, ವಿಶ್ರಾಂತಿಯ ತರಬೇತಿಯೂ ಇದೆ. ಇನ್ನೊಂದನ್ನು ಮರೆಯದೆ ಕೇಳಿ: ಕೆಲವು ಕಿಮೋಗಳಲ್ಲಿ ಹಿಂದಿನ ದಿನವೇ ಡೆಕ್ಸಾಮೆಥಸೋನ್ ಎಂಬ ಮಾತ್ರೆ ನುಂಗಿಸುತ್ತಾರೆ. ಅದು ನಿದ್ರೆಗೆಡಿಸುವುದರಲ್ಲಿ ಕುಪ್ರಸಿದ್ಧ. ನಿಮ್ಮ ತಾಯಿಯವರ ಚೀಟಿಯಲ್ಲಿ ಅದಿದ್ದರೆ, ನುಂಗುವ ಹೊತ್ತನ್ನು ಬದಲಿಸಬಹುದೇ ಎಂದು ಕೇಳಿ. ಯಾವ ಹಾಡೂ ಆ ಮಾತ್ರೆಯ ಜೊತೆ ಗುದ್ದಾಡಿ ಗೆಲ್ಲುವುದು ಕಷ್ಟ.

ಹಾಡು ಹಾಕುವುದಾದರೆ ಒಂದು ಎಚ್ಚರಿಕೆಯಿದೆ, ಅದನ್ನು ವೈದ್ಯರೂ ಹೇಳುವುದಿಲ್ಲ, ಸಂಗೀತದವರೂ ಹೇಳುವುದಿಲ್ಲ. 1978ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಇಲೀನ್ ಬರ್ನ್‌ಸ್ಟೀನ್ ಕ್ಯಾನ್ಸರ್ ಇದ್ದ ಮಕ್ಕಳಿಗೆ ಕಿಮೋಗೆ ಸ್ವಲ್ಪ ಮುಂಚೆ ಹೊಸ ರುಚಿಯ ಐಸ್‌ಕ್ರೀಮ್ ಕೊಟ್ಟು ನೋಡಿದರು. ವಾರಗಳ ನಂತರ ಆ ಮಕ್ಕಳು ಅದೇ ಐಸ್‌ಕ್ರೀಮನ್ನು ಬೇಡವೆಂದರು. ವಾಕರಿಕೆ ಔಷಧಿಯಿಂದ ಬಂದಿದ್ದರೂ ದೇಹ ದೂರಿದ್ದು ಐಸ್‌ಕ್ರೀಮನ್ನು. ಶಬ್ದಕ್ಕೆ ಈ ನಂಟು ರುಚಿಯಷ್ಟು ಗಟ್ಟಿಯಾಗಿ ಅಂಟದಿರಬಹುದು. ಆದರೂ ಅಮ್ಮನಿಗೆ ಪ್ರಾಣಪ್ರಿಯವಾದ ದೇವರನಾಮವನ್ನು ಔಷಧಿ ಏರುವ ಹೊತ್ತಿಗೆ ಹಾಕಬೇಡಿ ಎಂದೇ ನಾನು ಹೇಳುತ್ತೇನೆ. ಇಷ್ಟವಾಗುವ, ಆದರೆ ಎದೆಗೆ ಅಷ್ಟು ಹತ್ತಿರವಲ್ಲದ್ದನ್ನು ಕಿಮೋ ಹೊತ್ತಿಗೆ ಮೀಸಲಿಡಿ. ಕೊಳಲಾಗಲಿ, ವೀಣೆಯಾಗಲಿ, ಹಳೆಯ ಚಿತ್ರಗೀತೆಯ ವಾದ್ಯಸಂಗೀತವಾಗಲಿ, ಅವರೇ ಆರಿಸಲಿ.

ಉಳಿದ ಎಚ್ಚರಿಕೆಗಳು ಚಿಕ್ಕವು. ಬಿಳಿ ರಕ್ತಕಣ ಇಳಿದಿರುವ ದಿನಗಳಲ್ಲಿ ಇಯರ್‌ಫೋನ್ ಅವರೊಬ್ಬರದೇ ಇರಲಿ, ಸ್ಪಿರಿಟ್ ಹತ್ತಿಯಿಂದ ಒರೆಸಿ ಕೊಡಿ. ಒಂದು ಕಿವಿ ಖಾಲಿಯಿರಲಿ, "ಕೈ ಉರಿಯುತ್ತಿದೆಯೇ?" ಎಂದು ಸಿಸ್ಟರ್ ಕೇಳಿದ್ದು ಅವರಿಗೆ ಕೇಳಿಸಬೇಕು. ಕಿಮೋದ ಕೆಲವು ಔಷಧಿಗಳು ರಕ್ತನಾಳದಿಂದ ಹೊರಗೆ ಸೋರಿದರೆ ಚರ್ಮ ಸುಡುತ್ತದೆ, ಆ ಉರಿ ಹಾಡಿನಲ್ಲಿ ಮುಳುಗಿಹೋಗಬಾರದು. ಇದನ್ನು ಓದುತ್ತಿರುವ ಬೇರೆಯವರಲ್ಲಿ ಸಿಸ್ಪ್ಲಾಟಿನ್ ಎಂಬ ಕಿಮೋ ಔಷಧಿ ಪಡೆಯುತ್ತಿರುವವರು ಇದ್ದರೆ ಶಬ್ದ ತೀರಾ ಕಡಿಮೆ ಇಡಿ. ಆ ಔಷಧಿ ಕಿವಿಗೇ ಪೆಟ್ಟು ಕೊಡಬಲ್ಲದು, ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ಹಾಡಿಗಿಂತ ಮೊದಲು ವೈದ್ಯರಿಗೆ ತಿಳಿಸಬೇಕು. ತಲೆ, ಕುತ್ತಿಗೆಯ ವಿಕಿರಣ ಚಿಕಿತ್ಸೆಯಲ್ಲಿ ಮುಖಕ್ಕೆ ಬಿಗಿಯಾದ ಮುಖವಾಡ ತೊಡಿಸಿ ಒಬ್ಬರನ್ನೇ ಕೋಣೆಯಲ್ಲಿ ಬಿಡುತ್ತಾರಲ್ಲ, ಅಲ್ಲಿ ಸ್ಪೀಕರಿನಲ್ಲಿ ನಿಮ್ಮ ಹಾಡು ಹಾಕಲು ತಂತ್ರಜ್ಞರನ್ನು ಸಂಕೋಚವಿಲ್ಲದೆ ಕೇಳಬಹುದು.

ತರಬೇತಾದ ಚಿಕಿತ್ಸಕರೇ ಬೇಕೆಂದರೆ ನಮ್ಮಲ್ಲಿ ಕಷ್ಟವಿದೆ. ಬ್ರಿಟನ್ನಿನಲ್ಲಿ ಸರ್ಕಾರಿ ನೋಂದಣಿ ಇಲ್ಲದೆ ಸಂಗೀತ ಚಿಕಿತ್ಸಕ ಎಂದು ಕರೆದುಕೊಳ್ಳುವುದೇ ಅಪರಾಧ. ಅಮೆರಿಕದಲ್ಲಿ ಪದವಿ, 1,200 ಗಂಟೆಗಳ ಪ್ರಾಯೋಗಿಕ ತರಬೇತಿ, ಆಮೇಲೆ ಪ್ರಮಾಣಪತ್ರದ ಪರೀಕ್ಷೆ. ಇಲ್ಲಿ ಹಾರ್ಮೋನಿಯಂ ಇದ್ದವರೆಲ್ಲ ಫಲಕ ಹಾಕಬಹುದು. ಪುದುಚೇರಿಯ ಶ್ರೀ ಬಾಲಾಜಿ ವಿದ್ಯಾಪೀಠದಲ್ಲಿ ವೈದ್ಯಕೀಯ ಕಾಲೇಜಿನ ಜೊತೆಗೇ ಸಂಗೀತ ಚಿಕಿತ್ಸೆಯ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಂಗೀತ ಮತ್ತು ಮೆದುಳಿನ ಸಂಬಂಧ ಅಭ್ಯಸಿಸುವ ಪ್ರಯೋಗಾಲಯವಿದೆ, ಅದರ ಗಮನ ಮುಖ್ಯವಾಗಿ ಮೆದುಳು ಮತ್ತು ಮನಸ್ಸಿನ ಕಾಯಿಲೆಗಳ ಕಡೆಗೆ. ಶಿವಮೊಗ್ಗದಿಂದ ದೂರವಾಯಿತು ಎನ್ನಬೇಡಿ. ಅಮೆರಿಕದಲ್ಲಿ ಕ್ಯಾನ್ಸರ್‌ನಿಂದ ಪಾರಾಗಿಯೂ ಆತಂಕವಿದ್ದ 300 ಜನರಿಗೆ ವಿಡಿಯೋ ಕರೆಯಲ್ಲಿ ವಾರಕ್ಕೊಮ್ಮೆ ಏಳು ಸಲ ಸಂಗೀತ ಚಿಕಿತ್ಸೆಯನ್ನೋ ಮಾತಿನ ಚಿಕಿತ್ಸೆಯನ್ನೋ ಕೊಟ್ಟ ಪ್ರಯೋಗವೊಂದು 2025ರಲ್ಲಿ ಪ್ರಕಟವಾಗಿದೆ. ಆತಂಕಕ್ಕೆ ಇಂದು ಅತ್ಯುತ್ತಮವೆನ್ನುವ ಮಾತಿನ ಚಿಕಿತ್ಸೆಗಿಂತ ಸಂಗೀತ ಚಿಕಿತ್ಸೆ ಹಿಂದೆ ಬೀಳಲಿಲ್ಲ. ಯಾರನ್ನೇ ಗೊತ್ತುಮಾಡುವುದಿದ್ದರೂ ಎಲ್ಲಿ ಕಲಿತಿರಿ, ನಮ್ಮ ವೈದ್ಯರೊಂದಿಗೆ ಮಾತನಾಡುತ್ತೀರಾ, ಅಮ್ಮನಿಗೆ ಯಾವ ತೊಂದರೆ ಕಡಿಮೆ ಮಾಡಲು ಹೊರಟಿದ್ದೀರಿ, ಆಗಿದೆಯೋ ಇಲ್ಲವೋ ಹೇಗೆ ನೋಡುತ್ತೀರಿ ಎಂದು ಕೇಳಿ. ನಾಲ್ಕನೆಯದಕ್ಕೆ ಉತ್ತರವಿಲ್ಲದಿದ್ದರೆ ದುಡ್ಡು ಕೊಡಬೇಡಿ.

ಇನ್ನು ನಿಮ್ಮ ತಾಯಿ "ನಿಲ್ಲಿಸು" ಎನ್ನುವ ವಿಚಾರ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ. ಮೊದಲನೆಯದಾಗಿ, ನಿಲ್ಲಿಸಿ. ಕಿಮೋ ಶುರುವಾದ ಮೇಲೆ ಅವರ ಕೈಯಲ್ಲಿರುವ ನಿರ್ಧಾರಗಳೇ ಕಡಿಮೆ, ಇದೊಂದಾದರೂ ಅವರದಾಗಿರಲಿ. ಮಂಡಳಿಯಲ್ಲಿ ದನಿಯೆತ್ತಿ ಹಾಡಿದವರಿಗೆ ಈಗ ಬಾಯಿ ಹುಣ್ಣು, ಉಸಿರಿನ ಸುಸ್ತಿನ ನಡುವೆ ಅದೇ ಹಾಡು ಕೇಳುವುದು ಸಾಂತ್ವನಕ್ಕಿಂತ ಹೆಚ್ಚಾಗಿ ಕಳೆದುಕೊಂಡದ್ದರ ಲೆಕ್ಕವಾಗಿ ಕಾಣಬಹುದು. ಮಂಡಳಿಯವರು ಮನೆಗೆ ಬಂದು ಹಾಡುತ್ತೇವೆ ಎಂದರೂ ಅವರನ್ನು ಕೇಳದೆ ಒಪ್ಪಬೇಡಿ, ಕೂದಲು ಉದುರಿದ ತಲೆಯಲ್ಲಿ ಹತ್ತು ಜನರ ಮುಂದೆ ಕೂರುವುದು ಎಲ್ಲರಿಗೂ ಹಿತವಲ್ಲ.

ಎರಡನೆಯದು ಇನ್ನೂ ಮುಖ್ಯ. ಮೊದಲು ಇಷ್ಟವಾಗಿದ್ದರಲ್ಲಿ ಆಸಕ್ತಿಯೇ ಹೋಗುವುದು ಖಿನ್ನತೆಯ ಲಕ್ಷಣವೂ ಆಗಿರಬಹುದು. ಬಿಡುವಿನ ಹೊತ್ತಿನಲ್ಲಿ ಎರಡು ಮಾತು ಕೇಳಿ ನೋಡಿ: ಕಳೆದ ಎರಡು ವಾರಗಳಲ್ಲಿ ಯಾವುದರಲ್ಲೂ ಮನಸ್ಸಿಲ್ಲ ಎಂದು ಎಷ್ಟು ದಿನ ಅನ್ನಿಸಿತು? ಬೇಸರ, ಹತಾಶೆ ಎಷ್ಟು ದಿನ ಕಾಡಿತು? ಹೆಚ್ಚಿನ ದಿನ ಹೌದು ಎಂದರೆ ಮೂರನೆಯ ಸುತ್ತಿನವರೆಗೆ ಕಾಯದೆ ಆಸ್ಪತ್ರೆಗೆ ಫೋನ್ ಮಾಡಿ ತಿಳಿಸಿ. ಸಾಯಬೇಕು ಅನ್ನಿಸುತ್ತದೆ ಎಂಬ ಮಾತು ಬಂದರೆ ಅದೇ ದಿನ ಕರೆದುಕೊಂಡು ಹೋಗಿ. ಖಿನ್ನತೆಗೆ ಕಿಮೋ ಜೊತೆಗೇ ಕೊಡಬಹುದಾದ ಔಷಧಿಗಳಿವೆ. ಅವುಗಳಲ್ಲಿ ಕೆಲವು, ಸ್ತನ ಕ್ಯಾನ್ಸರ್‌ಗೆ ಮುಂದೆ ಕೊಡಬಹುದಾದ ಟಮಾಕ್ಸಿಫೆನ್ ಎಂಬ ಮಾತ್ರೆಗೆ ಅಡ್ಡಬರುತ್ತವೆ, ಆದ್ದರಿಂದ ಬೇರೆ ಕಡೆ ತೋರಿಸಿದರೆ ಕ್ಯಾನ್ಸರ್ ಚಿಕಿತ್ಸೆಯ ಕಾಗದಗಳನ್ನೆಲ್ಲ ಜೊತೆಗೆ ಒಯ್ಯಿರಿ. ಹಾಡಿನ ವಿಷಯವನ್ನು ಆಮೇಲೆ ಅವರೇ ಎತ್ತಿದರೆ ಎತ್ತಲಿ.